ಇಟ್ಟಿಗೆ ಹೊತ್ತವಳ ಮುಖ

ನಮ್ಮ ಮ್ಯೂಸಿಯಮ್ಮಿನ ಜನಜೀವನ ಗ್ಯಾಲರಿಯಲ್ಲಿ ತಲೆಯ ಮೇಲೆ ಇಟ್ಟಿಗೆ ಹೊತ್ತ ಹೆಂಗಸಿನ ಗೊಂಬೆಯೊಂದಿದೆ, ಆಳೆತ್ತರದ್ದು. ವರ್ಷಕ್ಕೊಮ್ಮೆ, ಮಳೆಗಾಲ ಮುಗಿಯುವ ಹೊತ್ತಿಗೆ, ಅದರ ಹಣೆಯ ಮೇಲೆ ಕುಂಕುಮ ಕಾಣಿಸಿಕೊಳ್ಳುತ್ತಿತ್ತು. ಯಾರು ಹಚ್ಚಿದ್ದು ಎಂದು ಗಾರ್ಡನ್ನು ಕೇಳಿದರೆ ಅವನು ತಲೆಯೆತ್ತಿ ಫ್ಯಾನು ನೋಡುತ್ತಿದ್ದ. ಹಚ್ಚುವವರು ಯಾರೋ, ಒರೆಸುವುದು ಮಾತ್ರ ನನ್ನ ಹಣೆಬರಹ.

ಹಳೆಯ ವಸ್ತುಗಳನ್ನು ಕಾಪಾಡುವ ನಮ್ಮ ಕಸುಬಿನಲ್ಲಿ ಇಂಥ ಕೊಳೆಗೆ ಒಂದು ಮದ್ದಿದೆ. ಬಿದಿರಿನ ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಅದನ್ನು ನಾಲಿಗೆಯ ಮೇಲಿಟ್ಟು ಒದ್ದೆ ಮಾಡಿ, ಬಣ್ಣದ ಮೇಲೆ ಮೆಲ್ಲಗೆ ಉರುಳಿಸುವುದು. ಉಗುಳು ಕೊಳೆಯನ್ನು ಎತ್ತುತ್ತದೆ, ಬಣ್ಣವನ್ನು ಮುಟ್ಟುವುದಿಲ್ಲ. ಒಮ್ಮೆ ಬಳಸಿದ ಹತ್ತಿ ಮತ್ತೆ ಬಾಯಿಗೆ ಹೋಗಬಾರದು, ಅಷ್ಟೇ ನಿಯಮ. ದೊಡ್ಡ ದೊಡ್ಡ ಮ್ಯೂಸಿಯಮ್ಮುಗಳಲ್ಲೂ ಹೀಗೇ ಮಾಡುತ್ತಾರೆ. ಮಾಟುಂಗದ ನಮ್ಮ ಮನೆಯಲ್ಲಿ ಇದು ಗೊತ್ತಾದ ದಿನ ನನ್ನಮ್ಮ, "ಎಂಜಲು ಮಾಡ್ಲಿಕ್ಕೆ ಅಷ್ಟೆಲ್ಲ ಓದಿದ್ದಾ ಮಾರಾಯ್ತಿ?" ಎಂದು ತಲೆ ಚಚ್ಚಿಕೊಂಡಿದ್ದರು.

ಹೀಗಿರುವಾಗ ಒಂದು ವರ್ಷ ಹಿರಿಯರ ಅಮಾವಾಸ್ಯೆಯ ದಿನ ಗಾರ್ಡು ಲ್ಯಾಬಿನ ಬಾಗಿಲಿಗೆ ಬಂದು, "ಮ್ಯಾಡಮ್, ಜಲ್ದಿ ಆಯಿಯೇ. ಏಕ್ ಬುಢ್ಢೀ ಹೈ, ಆಪ್ ಕೀ ಭಾಷಾ ಮೇಂ ಗಾಲೀ ದೇ ರಹೀ ಹೈ" ಎಂದ. ಯಾರೋ ಮುದುಕಿ ನನ್ನ ಭಾಷೆಯಲ್ಲಿ ಬೈಯುತ್ತಿದ್ದಾಳಂತೆ. ಗ್ಯಾಲರಿಯನ್ನು ನವೀಕರಣಕ್ಕೆಂದು ಮುಚ್ಚಿ, ಬಾಗಿಲಿಗೆ ಹಲಗೆ ಬಡಿದಿದ್ದ ವಾರ ಅದು. ಹಲಗೆಯ ಮುಂದೆ ಒಬ್ಬ ಅಜ್ಜಿ ನಿಂತಿದ್ದಳು. ಇಳಕಲ್ ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಮುಖದ ತುಂಬ ಬೆವರು. ಕುರ್ಲಾದಿಂದ ಲೋಕಲ್ಲಿನಲ್ಲಿ ನಿಂತೇ ಬಂದಿದ್ದಳಂತೆ.

"ನೀವರೆ ಹೇಳ್ರಿ ಬಾಯಿ ಇವಗ. ವರ್ಷಾ ಬರ್ತೀನಿ. ಇವತ್ತ ನೋಡಿದ್ರ ಹಲಗಿ ಬಡಕೊಂಡ ನಿಂತಾನ."

"ಅಜ್ಜೀ, ರಿಪೇರಿಗೆ ಮುಚ್ಚಿದ್ದಾರೆ. ನಿಮಗೆ ಎಂತ ಬೇಕಿತ್ತು?"

"ನಮ್ಮವ್ವ ಬೇಕ."

ಹಿಂದಿನ ಬಾಗಿಲಿನಿಂದ ಅವಳನ್ನು ಒಳಗೆ ಕರೆದುಕೊಂಡು ಹೋದೆ. ಸೀದಾ ಇಟ್ಟಿಗೆ ಹೊತ್ತವಳ ಮುಂದೆ ಹೋಗಿ ನಿಂತಳು. ಚೀಲದಿಂದ ಕುಂಕುಮದ ಡಬ್ಬಿ ಹೊರಬಂತು. ಓಹೋ!

"ನೀವೇನಾ ಅದು? ಗೊಂಬೆಗೆ ಕೈ ಮುಟ್ಟಿಸಬಾರದು ಅಂತ ಅಷ್ಟು ದೊಡ್ಡ ಬೋರ್ಡು ಹಾಕಿದೆ, ಕಾಣುವುದಿಲ್ವಾ?"

"ನನಗ ಓದಾಕ ಬರಂಗಿಲ್ಲ ತಂಗಿ. ಬಂದಿದ್ರೂ ಹಚ್ತಿದ್ದೆ."

ಹಚ್ಚಿಯೇ ಬಿಟ್ಟಳು. ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಹೇಳಿಕೊಂಡಳು. ಆಮೇಲೆ ನಾವಿಬ್ಬರೂ ಕೆಲಸಗಾರರು ಬಿಟ್ಟುಹೋಗಿದ್ದ ಮರದ ಪೆಟ್ಟಿಗೆಯ ಮೇಲೆ ಕುಳಿತೆವು. ಅವಳು ಹೇಳಿದ್ದು ಇಷ್ಟು.

ಅವಳ ತಾಯಿ ವಿಜಯಪುರದ ಕಡೆಯಿಂದ ಗಂಡನ ಜೊತೆ ಮುಂಬಯಿಗೆ ಬಂದವಳು. ಇದೇ ಮ್ಯೂಸಿಯಮ್ಮಿನ ಹಿಂಬದಿಯ ಕಟ್ಟಡ ಏಳುವಾಗ ಇಟ್ಟಿಗೆ ಹೊತ್ತಳು. ಆಗ ಇಲ್ಲಿ ಗೊಂಬೆ ಮಾಡುವ ಮಾಸ್ತರರೊಬ್ಬರಿದ್ದರು. ಊಟದ ಬಿಡುವಿನಲ್ಲಿ ತಾಯಿಯನ್ನು ಎದುರಿಗೆ ಕೂರಿಸಿಕೊಂಡು ಅವಳ ಮುಖ ಮಾಡುತ್ತಿದ್ದರು. ಇವಳು ಆಗ ಹೊಸದಾಗಿ ನಡೆಯಲು ಕಲಿತ ಕೂಸು. ಸ್ವಲ್ಪ ದಿನದಲ್ಲೇ ತಾಯಿ ಜ್ವರ ಬಂದು ಸತ್ತುಹೋದಳು. ಫೋಟೋ ಇಲ್ಲ. ಕೂಲಿಯವರಿಗೆ ಆ ಕಾಲದಲ್ಲಿ ಎಲ್ಲಿಯ ಫೋಟೋ? ಇವಳು ಬುದ್ಧಿ ಬಂದ ಮೇಲೆ, "ನಮ್ಮವ್ವ ಹ್ಯಾಂಗಿದ್ಳು?" ಎಂದು ಅತ್ತೂ ಅತ್ತೂ ಕಾಡಿದಾಗ ಚಿಕ್ಕಮ್ಮ ಕೈ ಹಿಡಿದು ಇಲ್ಲಿಗೆ ಕರೆತಂದು, "ನೋಡ, ಇಕೀನ ನಿಮ್ಮವ್ವ" ಎಂದು ತೋರಿಸಿದಳಂತೆ.

"ನನಗ ಆಕಿ ಮಾರಿ ನೆನಪಿಲ್ಲ ತಂಗಿ. ಇದ ಮಾರಿನ ನೆನಪು. ಲಗ್ನ ಆದ ಮ್ಯಾಲೆ ಗಂಡನ್ನ ಕರಕೊಂಡ ಬಂದು ತೋರಿಸಿದೆ. ಹಡದ ಮ್ಯಾಲೆ ಕೂಸಿನ್ನ ತಂದು ತೋರಿಸಿದೆ. ಮಂದಿ ತವರಮನಿಗಿ ಹೋಗ್ತಾರಲ್ಲ, ಹಂಗ."

ಕುಂಕುಮದ ಡಬ್ಬಿಯನ್ನು ಚೀಲಕ್ಕೆ ಹಾಕುತ್ತ, "ಅಲ್ಲಾ, ನಾ ಹಚ್ಚಿದ ಕುಂಕುಮ ಮುಂದಿನ ವರ್ಷ ಇರೂದೇ ಇಲ್ಲಲ್ಲ, ಎಲ್ಲಿ ಹೋಗ್ತದ?" ಎಂದಳು. ಹೇಳದೆ ವಿಧಿಯಿರಲಿಲ್ಲ. ಕಡ್ಡಿ, ಹತ್ತಿ, ನಾಲಿಗೆ ಎಲ್ಲ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡರೆ ಸೆರಗು ಬಾಯಿಗಿಟ್ಟುಕೊಂಡು ನಕ್ಕುಬಿಟ್ಟಳು.

"ಎಂಜಲ ಹಚ್ಚಿ ವರಸ್ತೀಯೇನ ನಮ್ಮವ್ವನ ಮಾರಿ! ಆಗ್ಲಿ ಬಿಡು. ಕೂಸಿನ ಮಾರಿ ಹಂಗ ಅಲ್ಲೇನು ವರಸೂದು."

ಅವತ್ತು ಅವಳ ಮೊಮ್ಮಗಳ ಫೋನ್ ನಂಬರು ಬರೆದುಕೊಂಡು, ಅವಳನ್ನು ಗೇಟಿನವರೆಗೆ ಬಿಟ್ಟು ಬಂದೆ. ಮಾರನೆಯ ದಿನ ಎಂದಿನ ಹಾಗೆ ಹತ್ತಿ ಸುತ್ತಿಕೊಂಡು ಹೋಗಿ ಕುಂಕುಮ ಒರೆಸಿದೆ. ಆದರೆ ಗೊಣಗಲಿಲ್ಲ.

ತೊಂದರೆ ಶುರುವಾದದ್ದು ಆಮೇಲೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ, ಈ ಊರು ಕಟ್ಟಿದ ಜನವೂ ಮ್ಯೂಸಿಯಮ್ಮಿನಲ್ಲಿ ಇರಬೇಕೆಂದು ಮಾಡಿಸಿದ ಗೊಂಬೆಗಳು ಅವು. ಮೀನು ಮಾರುವವಳು, ಧೋಬಿ, ಪಾತ್ರೆಗೆ ಕಲಾಯಿ ಹಾಕುವವನು, ಹಮಾಲ. ಅದಕ್ಕೂ ಹಿಂದಿನ, ಬ್ರಿಟಿಷರ ಕಾಲದ ಸಂಗ್ರಹವೆಂದರೆ ನಾಣ್ಯ, ಕತ್ತಿ, ಹುಲ್ಲು ತುಂಬಿದ ಹಕ್ಕಿ, ಯಾರೋ ಲಾಟಸಾಹೇಬರ ಅಮೃತಶಿಲೆಯ ಮೂಗು. ಶಾಲೆಯ ಮಕ್ಕಳು ಅದನ್ನೆಲ್ಲ ದಾಟಿ ಓಡಿಬರುತ್ತಿದ್ದದ್ದು ಈ ಗೊಂಬೆಗಳ ಹತ್ತಿರಕ್ಕೆ. ಈಗ ಹೊಸ ಯೋಜನೆಯಲ್ಲಿ ನಾಲ್ಕಾರು ಗೊಂಬೆಗಳನ್ನಷ್ಟೇ ಗ್ಯಾಲರಿಯಲ್ಲಿ ಇಟ್ಟುಕೊಂಡು, ಉಳಿದವನ್ನು ಊರಾಚೆಯ ಗೋದಾಮಿಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಗೋದಾಮಿಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಇಟ್ಟಿಗೆ ಹೊತ್ತವಳ ಹೆಸರು ಗೋದಾಮಿನ ಪಟ್ಟಿಯಲ್ಲಿತ್ತು.

ಕ್ಯುರೇಟರ್ ನನ್ನದೇ ವಯಸ್ಸಿನವರು, ಪುಣೆಯ ಕಡೆಯವರು, ಒಳ್ಳೆಯ ಮನಸ್ಸಿನವರು. ಅಜ್ಜಿಯ ಕಥೆ ಹೇಳಿದೆ. ಕಣ್ಣು ಒದ್ದೆ ಮಾಡಿಕೊಂಡರು. ಆಮೇಲೆ, "ಆದರೆ ಆ ಗೊಂಬೆಯ ಕೆನ್ನೆ ನೋಡಿದ್ದೀಯಲ್ಲ? ಹಾಗೆ ಹೇಗೆ ಇಡುವುದು?" ಎಂದರು.

ನೋಡಿದ್ದೆ. ಸಮುದ್ರದ ಗಾಳಿಯ ಉಪ್ಪು ಒಳಗಿಳಿದು, ಬೇಸಿಗೆಯಲ್ಲಿ ಹೊರಗೆ ಅರಳುತ್ತದೆ. ಎಡಗೆನ್ನೆ, ಮೂಗು, ಹುಬ್ಬಿನ ಮೇಲೆ ಬಿಳಿ ಹುಡಿ ಎದ್ದಿತ್ತು. ಅದರ ಜೊತೆ ಬಣ್ಣವೂ ಹಪ್ಪಳದ ಹಾಗೆ ಏಳಲು ಶುರುವಾಗಿತ್ತು. ಹಾಗೇ ಬಿಟ್ಟರೆ ಗೋದಾಮಿನಲ್ಲಿದ್ದರೂ ಅವಳು ಉಳಿಯುವವಳಲ್ಲ.

"ನಾನು ಸರಿ ಮಾಡಿದರೆ ಇಟ್ಟುಕೊಳ್ತೀರಾ?"

"ಮಾಡು. ಮಾಡಿದರೆ ಇಡೋಣ."

ಮಾಟುಂಗದ ಮನೆಗೆ ಹೋಗುವಾಗ ಟ್ರೈನಿನಲ್ಲಿ ನಿಂತುಕೊಂಡೇ ಅಜ್ಜಿಯ ಮೊಮ್ಮಗಳ ನಂಬರಿಗೆ ಫೋನು ಮಾಡಿದೆ. "ಅಜ್ಜಿ, ನಿಮ್ಮವ್ವ ಎಲ್ಲಿಗೂ ಹೋಗುವುದಿಲ್ಲ. ನಾನು ನೋಡಿಕೊಳ್ತೇನೆ" ಎಂದೆ. ಆ ಕಡೆಯಿಂದ, "ನಿನ್ನ ಹೊಟ್ಟಿ ತಣ್ಣಗಿರ್ಲಿ ತಂಗಿ" ಎಂದು ಕೇಳಿಸಿತು.

ಚಳಿಗಾಲ ಬರಲೆಂದು ಕಾದೆ. ಮುಂಬಯಿಯ ಗಾಳಿ ಒಂದಿಷ್ಟು ಒಣಗುವುದು ಆಗ ಮಾತ್ರ. ಗೊಂಬೆಯನ್ನು ಲ್ಯಾಬಿಗೆ ತರಿಸಿ, ನಾಲ್ಕೂ ಕಡೆಯಿಂದ ಫೋಟೋ ತೆಗೆದೆ. ಏಳುತ್ತಿದ್ದ ಬಣ್ಣವನ್ನು ತೆಳು ಅಂಟಿನಿಂದ ಚುಕ್ಕೆ ಚುಕ್ಕೆಯಾಗಿ ಕೂರಿಸಿದೆ. ಇನ್ನು ಉಪ್ಪು ತೆಗೆಯಬೇಕು. ಅದಕ್ಕೆ ಕಾಗದದ ತಿರುಳನ್ನು ಶುದ್ಧ ನೀರಿನಲ್ಲಿ ಕಲಸಿ, ಹಿಂಡಿ, ಪಟ್ಟಿನ ಹಾಗೆ ಮುಖದ ಮೇಲೆ ಕೂರಿಸುತ್ತಾರೆ. ಪಟ್ಟಿನ ತೇವ ಒಳಗೆ ಹೋಗಿ ಉಪ್ಪನ್ನು ಕರಗಿಸುತ್ತದೆ. ಪಟ್ಟು ಒಣಗುತ್ತ ಬಂದ ಹಾಗೆ ಉಪ್ಪು ಅದರೊಳಗೆ ಸೇರುತ್ತದೆ. ಪ್ಲಾಸ್ಟರಿಗೆ ಇದು ನಡೆಯುತ್ತದೆ. ಸುಡದ ಹಸಿ ಮಣ್ಣಿಗೆ ನಡೆಯುವುದಿಲ್ಲ, ನೀರು ಮುಟ್ಟಿದರೆ ಅದು ಕೆಸರು.

ಆದ್ದರಿಂದ ಮೊದಲು ಪರೀಕ್ಷೆ. ಪರೀಕ್ಷೆಯನ್ನು ಯಾವತ್ತೂ ಯಾರಿಗೂ ಕಾಣದ ಜಾಗದಲ್ಲಿ ಮಾಡಬೇಕು. ಇದು ನಮ್ಮ ಕಸುಬಿನ ಮೊದಲ ಪಾಠ, ಮೊದಲ ಮರ್ಯಾದೆ ಎಂದರೂ ಸರಿ. ಹೆಣ್ಣುಮಕ್ಕಳ ಮೈಗೆ ಸೂಜಿ ಚುಚ್ಚುವ ಡಾಕ್ಟರು ಕಾಣದ ಕಡೆ ಚುಚ್ಚುವ ಹಾಗೆ. ಸೆರಗಿನ ಅಂಚಿನ ಒಳಗೆ, ಕತ್ತಿನ ಹಿಂದೆ, ಅಲಗಿನ ತುದಿಯಿಂದ ಚೂರು ಕೆರೆದೆ. ಬೆಳ್ಳಗೆ, ಗಟ್ಟಿಯಾಗಿ, ಪ್ಲಾಸ್ಟರು. ಒಂದು ಹನಿ ನೀರು ಬಿಟ್ಟೆ, ಕಾದೆ, ಏನೂ ಆಗಲಿಲ್ಲ. ಭುಜದ ಕೆಳಗೆ ಇನ್ನೊಂದು ಕಡೆ ನೋಡಿದೆ. ಪ್ಲಾಸ್ಟರೇ. ಕೈಕಾಲು ಮುರಿದಿದ್ದ ಬೇರೆ ಗೊಂಬೆಗಳೆಲ್ಲದರ ಒಳಗೂ ಪ್ಲಾಸ್ಟರೇ ಇತ್ತು. ಗೊಂಬೆ ಮಾಡುವ ಕ್ರಮವೇ ಹಾಗೆ. ಮೊದಲು ಹಸಿ ಮಣ್ಣಿನಲ್ಲಿ ರೂಪ ಮಾಡುತ್ತಾರೆ. ಅದರ ಮೇಲೆ ಅಚ್ಚು ತೆಗೆಯುತ್ತಾರೆ. ಅಚ್ಚಿಗೆ ಪ್ಲಾಸ್ಟರು ಸುರಿಯುತ್ತಾರೆ. ಅಚ್ಚು ಬಿಡಿಸುವಾಗ ಮೂಲದ ಮಣ್ಣು ಒಡೆದು ಹೋಗುತ್ತದೆ, ಅದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಎಕ್ಸ್-ರೇ ತೆಗೆಸುವ ಯೋಚನೆ ನನಗೂ ಬರಲಿಲ್ಲ, ನನ್ನ ಮೇಲಿನವರಿಗೂ ಬರಲಿಲ್ಲ. ಗೊತ್ತಿರುವುದಕ್ಕೆ ಯಾರು ಎಕ್ಸ್-ರೇ ತೆಗೆಸುತ್ತಾರೆ?

ಹಣೆಯನ್ನಂತೂ ವರ್ಷವರ್ಷವೂ ನನ್ನ ಉಗುಳಿನಿಂದಲೇ ಒರೆಸಿದ್ದೆನಲ್ಲ.

ಒಂದು ಬೆಳಿಗ್ಗೆ ಮುಖದ ಮೇಲೆ ತೆಳು ಜಪಾನಿ ಕಾಗದ ಹಾಸಿ, ಪಟ್ಟು ಕೂರಿಸಿದೆ. ಹಣೆ, ಮೂಗು, ಎಡಗೆನ್ನೆ. ಮೆಹಂದಿ ಮೆತ್ತಿಕೊಂಡ ಮದುಮಗಳ ಹಾಗೆ ಕೂತಿದ್ದಾಳೆ ಎಂದು ಪಕ್ಕದ ಮೇಜಿನ ಸಹೋದ್ಯೋಗಿ ತಮಾಷೆ ಮಾಡಿದ. ನಾನೂ ನಕ್ಕೆ. ಸಂಜೆ ನೋಡಿದಾಗ ಎಲ್ಲ ಸರಿಯಿತ್ತು. ಮಾರನೆಯ ಬೆಳಿಗ್ಗೆ ಬಂದು ಚೀಲ ಕೆಳಗಿಡುವ ಮೊದಲೇ ನೋಡಿದೆ. ಪಟ್ಟು ಒಂದು ಕಡೆಗೆ ವಾಲಿತ್ತು.

ಅಂಟು ಬಿಟ್ಟಿರಬೇಕು ಎಂದುಕೊಂಡು ಅಂಚನ್ನು ಎತ್ತಿದೆ. ಕಾಗದದ ಜೊತೆ ಕೆನ್ನೆಯೂ ಬಂತು.

ಒಳಗೆ ಕಂದು ಬಣ್ಣ. ಒದ್ದೆ. ಒಂದು ಕ್ಷಣ ನನಗೆ ಅದು ಏನೆಂದೇ ತಿಳಿಯಲಿಲ್ಲ. ಆಮೇಲೆ ಮೂಗಿಗೆ ವಾಸನೆ ಬಂತು, ಮೊದಲ ಮಳೆಗೆ ನೆಲದಿಂದ ಏಳುವಂಥದು. ಅದು ಮಣ್ಣಿನ ಮುಖ. ಸುಡದ, ಹಸಿ ಮಣ್ಣಿನದು, ಮೇಲೆ ಪ್ಲಾಸ್ಟರಿನ ಒಂದು ತೆಳು ಲೇಪ, ಅದರ ಮೇಲೆ ಬಣ್ಣ. ಮೈಯೆಲ್ಲ ಪ್ಲಾಸ್ಟರು, ಮುಖ ಮಾತ್ರ ಮಣ್ಣು. ಎರಡರ ಸಂದು ಸೆರಗಿನ ಕೆಳಗೆ ಮುಚ್ಚಿಹೋಗಿತ್ತು. ಲೇಪ ಸರಿಯಿದ್ದ ಹಣೆಗೆ ನನ್ನ ಉಗುಳಿನ ತೇವ ಏನೂ ಮಾಡಿರಲಿಲ್ಲ. ಉಪ್ಪು ತಿಂದು ತೂತಾಗಿದ್ದ ಕೆನ್ನೆಯಿಂದ ಪಟ್ಟಿನ ನೀರು ಸೀದಾ ಒಳಗೆ ಹೋಗಿತ್ತು. ನಾನು ಅಂಗೈ ಒಡ್ಡಿದೆ. ಮೂಗು ನಿಧಾನವಾಗಿ ಜಾರಿ ಅಂಗೈಗೆ ಬಂದು ಕೂತಿತು. ಆಧಾರ ಹೋದ ಹಣೆ, ಬಲಗೆನ್ನೆ ಬಿರುಕುಬಿಟ್ಟು, ನಾನು ನೋಡುತ್ತಿರುವಾಗಲೇ ಕೆಳಗಿಳಿದವು.

ಅಯ್ಯೋ ದೇವರೇ ದೇವರೇ ಎಂದು ಕೂಗಿದೆನಂತೆ. ನನಗೆ ನೆನಪಿಲ್ಲ. ಸಹೋದ್ಯೋಗಿ ಓಡಿಬಂದು ಕೆಳಗೆ ಟ್ರೇ ಹಿಡಿದ. ಉಳಿದದ್ದು ಒಮ್ಮೆಲೇ ಒಣಗಿ ಸೀಳದಿರಲೆಂದು ಪ್ಲಾಸ್ಟಿಕ್ ಹೊದಿಸಿ, ಒಳಗೊಂದು ಬಟ್ಟಲಲ್ಲಿ ಒದ್ದೆ ಹತ್ತಿಯಿಟ್ಟೆವು. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಎಲ್ಲ ಮುಗಿದ ಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿದೆ. ಅಂಗೈಯ ಮಣ್ಣು ತೊಳೆಯಲು ಮನಸ್ಸು ಬರಲಿಲ್ಲ. ನಲ್ಲಿ ನಿಲ್ಲಿಸಿ, ಹಾಗೇ ಹೊರಬಂದು, ಅದನ್ನೂ ಟ್ರೇಗೆ ಕೆರೆದು ಹಾಕಿದೆ.

ಕ್ಯುರೇಟರ್ ಬಂದು ನೋಡಿ, ಪ್ಲಾಸ್ಟಿಕ್ಕನ್ನು ಮತ್ತೆ ಹೊದಿಸಿದರು. ಕೊನೆಗೆ, "ನೀನು ಮಾಡಿದ್ದು ಸರಿಯಾದ ಕ್ರಮವೇ. ಯಾರು ಮಾಡಿದ್ದರೂ ಹೀಗೇ ಪರೀಕ್ಷೆ ಮಾಡುತ್ತಿದ್ದರು" ಎಂದರು. ಅದು ನಿಜ. ತಪ್ಪು ಹುಡುಕಲು ಬಂದ ಹಿರಿಯ ಅಧಿಕಾರಿಗಳೂ ಅದನ್ನೇ ಹೇಳಿದರು. ಒಂದು ಬೈಗುಳವನ್ನಾದರೂ ತಿಂದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

"ನಿನ್ನ ಹತ್ತಿರ ಎಲ್ಲಾ ಕಡೆಯ ಫೋಟೋ ಇದೆ, ಅಳತೆ ಇದೆ. ಮುಖ ಮತ್ತೆ ಮಾಡಬಹುದು. ಹೊರಗಿನವರಿಗೆ ತಿಳಿಯುವುದಿಲ್ಲ" ಎಂದರು ಕ್ಯುರೇಟರ್. ಅವರ ದನಿಯಲ್ಲಿ ಮೋಸವಿರಲಿಲ್ಲ, ನನ್ನ ಮೇಲಿನ ಕನಿಕರವೇ ಇತ್ತು.

"ಆ ಅಜ್ಜಿಗೆ?"

"ಅವರಿಗೂ ತಿಳಿಯದಿದ್ದರೇ ಒಳ್ಳೆಯದಲ್ಲವಾ? ಯೋಚನೆ ಮಾಡು. ಈ ವಯಸ್ಸಿನಲ್ಲಿ ಯಾಕೆ ಅವರಿಗೆ ಇದು?"

ಯೋಚನೆ ಮಾಡಿದೆ. ಎರಡು ದಿನ ಅದನ್ನೇ ಮಾಡಿದೆ. ಅಮಾವಾಸ್ಯೆಗೆ ಬಂದು, ನಾನು ಮಾಡಿದ ಮುಖವನ್ನು ಅವ್ವ ಎಂದುಕೊಂಡು ಅವಳು ಕುಂಕುಮ ಹಚ್ಚುತ್ತಾಳೆ. ಮಾರನೆಯ ದಿನ ನಾನು ಹೋಗಿ ಒರೆಸುತ್ತೇನೆ. ಅದನ್ನು ನೆನೆದರೆ ನಾಲಿಗೆ ಒಣಗುತ್ತಿತ್ತು. ಮೂರನೆಯ ದಿನ ಕ್ಯುರೇಟರ್ ಕೋಣೆಗೆ ಹೋಗಿ, "ಮೊದಲು ಅವರನ್ನು ಕರೆದು ತೋರಿಸುತ್ತೇನೆ. ಅವರು ನೋಡಿದ ಮೇಲೆಯೇ ಮುಂದಿನ ಕೆಲಸ. ಇಲ್ಲದಿದ್ದರೆ ನಾನು ಆ ಮುಖಕ್ಕೆ ಕೈ ಹಚ್ಚುವುದಿಲ್ಲ" ಎಂದೆ. ಅವರು ಒಪ್ಪಿದರು.

ಅಜ್ಜಿ ಮೊಮ್ಮಗಳ ಜೊತೆ ಬಂದಳು. ಹುಡುಗಿಗೆ ಕನ್ನಡ ತಿಳಿಯುತ್ತದೆ, ಮಾತು ಅರ್ಧ ಹಿಂದಿ. ಅಜ್ಜಿ ನನಗೆಂದು ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಿದ್ದಳು. "ಚೊಲೊ ಆತೇನವಾ ನಮ್ಮವ್ವಂದ? ತೋರ್ಸಾಕ ಕರದೀಯೇನು?" ಎಂದಳು. ಬಾಗಿಲಲ್ಲೇ ಹೇಳಿಬಿಟ್ಟೆ. ಒಳಗೆ ಹೋದ ಮೇಲೆ ಹೇಳಲು ನನ್ನಿಂದ ಆಗುತ್ತಿರಲಿಲ್ಲ.

"ಅಜ್ಜಿ, ಮುಖ ಹೋಯಿತು. ಉಪ್ಪು ತೆಗೆಯಲಿಕ್ಕೆ ನೀರಿನ ಪಟ್ಟು ಹಾಕಿದೆ. ಒಳಗೆ ಮಣ್ಣಿತ್ತು, ನನಗೆ ಗೊತ್ತಾಗಲಿಲ್ಲ. ಕರಗಿಹೋಯಿತು."

ಅವಳಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದೆ. ಆಗ ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದಳು. ಪ್ಲಾಸ್ಟಿಕ್ಕನ್ನು ಅವಳೇ ಎತ್ತಿದಳು.

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ನೋಡಿದಳು, ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇಷ್ಟ ವರ್ಷ ಮಳಿ ತಡದಾಳ, ಗಾಳಿ ತಡದಾಳ. ನಿನ್ನ ಕೈ ತಡೀಲಿಲ್ಲಲ್ಲ ತಂಗಿ."

ಮೊಮ್ಮಗಳು, "ಅಜ್ಜಿ, ಮೇರೆ ಮೊಬೈಲ್ ಮೇಂ ಫೋಟೋ ಹೈ ನಾ. ಫ್ರೇಮ್ ಮಾಡೋಣ" ಎಂದು ಅವಳ ತೋಳು ಹಿಡಿದಳು.

"ಫೋಟೋ ಇರ್ಲಿ ಬಿಡು. ಇದು ಆಕಿನ್ನ ಎದರ ಕುಂದರಿಸಿ, ಮಾರಿ ನೋಡಕೋತ ಮಾಡಿದ್ದು. ಮಾಸ್ತರನ ಬೆರಳ ಇತ್ತು ಇದರಾಗ" ಎಂದವಳು ಸ್ಟೂಲಿನ ಮೇಲೆ ಕೂತಳು. ನೀರು ಕೊಟ್ಟೆ. ಕುಡಿದಳು. ಲೋಟ ಕೆಳಗಿಟ್ಟು, ತನ್ನಷ್ಟಕ್ಕೇ ಹೇಳಿಕೊಳ್ಳುವವಳ ಹಾಗೆ ಮಾತು ತೆಗೆದಳು.

"ನಮ್ಮ ಚಿಕ್ಕವ್ವ ಹೇಳ್ತಿದ್ಳು. ಮಾರಿ ಮುಗಿಯೂದ್ರಾಗ ಅವ್ವ ಸತ್ಳು. ಎಲ್ಲಾ ಗೊಂಬಿದೂ ಮಾಡಿ ಮಾಡಿ ಒಡೀತಿದ್ದನಂತ ಆ ಮಾಸ್ತರ. ಇದನ್ನ ಒಡಿಯಾಕ ಅವಗ ಮನಸ ಬರ್ಲಿಲ್ಲಂತ. 'ಹ್ಯಾಂಗ ಅದಳೋ ಹಂಗ ಇರ್ಲಿ' ಅಂದು ಹಂಗ ಕೂಡಿಸಿದ್ನಂತ. ಏನ ಒಡಿಯೂದು, ಏನ ಕೂಡಿಸೂದು, ನನಗ ತಿಳೀತಿರಲಿಲ್ಲ. ಈಗ ತಿಳೀತು ನೋಡು."

ನನಗೂ ಆಗಲೇ ತಿಳಿದದ್ದು. ಅಚ್ಚು ತೆಗೆದಿದ್ದರೆ ಮೂಲದ ಮಣ್ಣು ಒಡೆಯಬೇಕಿತ್ತು. ಸತ್ತುಹೋದ ಹೆಂಗಸಿನ ಮುಖವನ್ನು ಒಡೆಯಲು ಕೈ ಬಾರದೆ ಆತ ಮಣ್ಣನ್ನೇ ಒಣಗಿಸಿ, ಲೇಪ ಕೊಟ್ಟು, ಪ್ಲಾಸ್ಟರಿನ ಮೈಗೆ ಕೂರಿಸಿಬಿಟ್ಟಿದ್ದ. ಕಸುಬಿನ ನಿಯಮ ಮೀರಿ ಅವನು ಉಳಿಸಿದ್ದನ್ನು, ನಾನು ಕಸುಬಿನ ನಿಯಮ ಪಾಲಿಸಿ ಕಳೆದೆ. ನಾನು ಅಳತೊಡಗಿದೆ. ಅಜ್ಜಿ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ.

ನಾನು ಮುಖ ಒರೆಸಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೀಗೇ ಬಿಟ್ಟರೆ ಗೋದಾಮಿಗೆ ಹೋಗುತ್ತಾಳೆ. ಫೋಟೋ ನೋಡಿ ಹೊಸ ಮುಖ ಮಾಡಿದರೆ ಗ್ಯಾಲರಿಯಲ್ಲಿ ಉಳಿಯುತ್ತಾಳೆ, ಆದರೆ ಆ ಮುಖ ನನ್ನದು, ಮಾಸ್ತರರದಲ್ಲ. "ನೀವು ಬೇಡ ಅಂದರೆ ಮಾಡುವುದಿಲ್ಲ" ಎಂದೆ.

"ಹಳೀದು ಏನರೆ ಉಳದದೇನು?"

"ಬಲಗಿವಿ. ದವಡೆಯ ಒಂದು ಚೂರು. ಅಷ್ಟೇ."

ಅವಳು ಎದ್ದು ಹೋಗಿ ಬಲಗಡೆಯಿಂದ ನೋಡಿದಳು. ಕಿವಿಯಲ್ಲಿ ಮಾಸ್ತರರು ಮಾಡಿದ್ದ ಮಣ್ಣಿನ ಬೆಂಡೋಲೆ ಹಾಗೇ ಇತ್ತು. ಮುಟ್ಟಲು ಕೈಯೆತ್ತಿ, ನನ್ನ ಮುಖ ನೋಡಿ, ಕೈ ಇಳಿಸಿದಳು. ಇಷ್ಟು ವರ್ಷ ಬೋರ್ಡಿಗೆ ಹೆದರದವಳು ಅವತ್ತು ಹೆದರಿದಳು.

"ಮಾಡು. ಗೋದಾಮಿನ್ಯಾಗ ಕತ್ತಲ್ಯಾಗ ಯಾಕ ಕುಂದರಬೇಕು ಆಕಿ. ತಾನ ಇಟ್ಟಂಗಿ ಹೊತ್ತ ಮನ್ಯಾಗ ಇರ್ಲಿ."

ಹೋಳಿಗೆಯ ಗಂಟು ಮೇಜಿನ ಮೇಲೇ ಇತ್ತು. ಅವಳು ಬಿಟ್ಟುಹೋದಳೋ, ಮರೆತುಹೋದಳೋ, ನಾನು ಕೇಳಲಿಲ್ಲ.

ಬೇಸಿಗೆ ಪೂರ್ತಿ ಆ ಮುಖದ ಮುಂದೆ ಕೂತೆ. ಒಳಗಿನ ಮಣ್ಣು ಸಾವಕಾಶವಾಗಿ ಒಣಗಲು ಬಿಟ್ಟು, ಅದರ ಮೇಲೆ ಹಗುರವಾದ ಪುಟ್ಟಿಯಲ್ಲಿ ಹಣೆ, ಕೆನ್ನೆ, ಮೂಗು, ಹುಬ್ಬು ಕಟ್ಟಿದೆ. ನಾಳೆ ಯಾರಾದರೂ ತೆಗೆಯಬೇಕೆಂದರೆ ಹಳೆಯದಕ್ಕೆ ಪೆಟ್ಟಾಗದೆ ಬಿಟ್ಟುಬರುವಂಥ ಪುಟ್ಟಿ. ಫೋಟೋ ಮುಂದಿಟ್ಟುಕೊಂಡು ಅಳತೆಕಡ್ಡಿ ಹಿಡಿದು ನೋಡುವುದು, ಕೆರೆಯುವುದು, ಮತ್ತೆ ನೋಡುವುದು. ಮೇಲ್ದುಟಿ ಮೂರು ಸಲ ಕೆಟ್ಟಿತು. ಅಳತೆ ಕೂಡಿದರೂ ಬಾಯಿ ಕೂಡುತ್ತಿರಲಿಲ್ಲ. ಆ ಹೆಂಗಸು ಏನೋ ಹೇಳಬೇಕೆಂದು ತಡೆದುಕೊಂಡ ಹಾಗೆ ಇತ್ತು ಮೊದಲು. ನನ್ನದು ಸುಮ್ಮನೆ ಮುಚ್ಚಿದ ಬಾಯಿಯಾಗುತ್ತಿತ್ತು. ಬಣ್ಣವನ್ನು ಕೂದಲಿನಷ್ಟು ಸಣ್ಣ ಗೀರುಗಳಲ್ಲಿ ತುಂಬಿದೆ. ದೂರದಿಂದ ಚರ್ಮದ ಹಾಗೆ ಕಾಣುತ್ತದೆ, ಹತ್ತಿರ ಬಂದವರಿಗೆ ಇದು ಆಮೇಲೆ ಮಾಡಿದ್ದೆಂದು ಗೊತ್ತಾಗುತ್ತದೆ. ಕಿವಿಯನ್ನೂ ದವಡೆಯ ಚೂರನ್ನೂ ಮುಟ್ಟಲಿಲ್ಲ. ಕರಗಿದ ಮಣ್ಣು ನಂಬರು ಬರೆದ ಡಬ್ಬಿಯಲ್ಲಿ ಲ್ಯಾಬಿನ ಕಪಾಟಿ‌ನಲ್ಲಿದೆ. ಒಣಗಿ ಹುಡಿಯಾಗಿದೆ.

ಮುಗಿದಾಗ ಎಲ್ಲರೂ ಹೊಗಳಿದರು. ಕ್ಯುರೇಟರ್ ಹಳೆಯ ಫೋಟೋವನ್ನೂ ಹೊಸ ಮುಖವನ್ನೂ ಪಕ್ಕಪಕ್ಕ ನೋಡಿ, "ಅರೇ, ಅವಳೇ!" ಎಂದರು. ನಾನು ಮೇಲ್ದುಟಿಯನ್ನೇ ನೋಡುತ್ತಿದ್ದೆ.

ಗ್ಯಾಲರಿ ಮತ್ತೆ ತೆರೆಯಿತು. ಹಿರಿಯರ ಅಮಾವಾಸ್ಯೆ ಬಂತು. ಬೆಳಿಗ್ಗೆಯಿಂದ ನಾನು ಲ್ಯಾಬಿನಲ್ಲಿ ಕೂರಲಾರದೆ ಗ್ಯಾಲರಿಯಲ್ಲಿ ಸುಳಿದಾಡುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅಜ್ಜಿ ಬಂದಳು. ಅದೇ ಸೀರೆ, ಅದೇ ಚೀಲ. ಗಾರ್ಡು ಎಂದಿನಂತೆ ಫ್ಯಾನು ನೋಡತೊಡಗಿದ.

ಅವಳು ಎದುರಿಗೆ ನಿಂತು ಮುಖ ನೋಡಿದಳು. ಶಾಲೆಯ ಮಕ್ಕಳ ಒಂದು ಸಾಲು ಗಲಾಟೆ ಮಾಡುತ್ತ ಹಾದುಹೋಯಿತು. ಅವಳು ಅಲುಗಲಿಲ್ಲ. ನಾನು ಹತ್ತಿರ ಹೋದೆ.

"ಚೊಲೊ ಮಾಡೀದಿ ತಂಗಿ. ಭಾಳ ಕಷ್ಟಪಟ್ಟೀದಿ, ಕಾಣಸ್ತದ" ಎಂದಳು. ಬೇರೆಯವರ ಮನೆಯ ಕೂಸನ್ನು ನೋಡಿ ಚೆನ್ನಾಗಿದೆ ಎನ್ನುವಾಗಿನ ದನಿ ಅದು.

ಚೀಲಕ್ಕೆ ಕೈ ಹಾಕಿದಳು. ಕುಂಕುಮದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿದಳು. ಬೆರಳು ಅದ್ದಲಿಲ್ಲ. ಮತ್ತೆ ಮುಚ್ಚಳ ಹಾಕಿ ಚೀಲದಲ್ಲಿಟ್ಟಳು.

"ಕಿವಿ ಅಕೀದ ಅಲ್ಲೇನು?"

"ಹೌದಜ್ಜಿ. ಕಿವಿಗೆ ನಾನು ಕೈ ಹಚ್ಚಿಲ್ಲ."

ಬಲಗಡೆಗೆ ಹೋದಳು. ಪೀಠದ ಅಂಚು ಹಿಡಿದು, ತುದಿಗಾಲಲ್ಲಿ ನಿಂತು, ಆ ಮಣ್ಣಿನ ಕಿವಿಯ ಹತ್ತಿರ ಬಾಯಿ ಒಯ್ದಳು. ನಾನು ಮಾಡಿದ ಮುಖ ಎದುರಿನ ಗೋಡೆ ನೋಡುತ್ತಿತ್ತು.

"ಯವ್ವಾ, ನಾ ಬಂದೀನಿ. ಹಬ್ಬ ಚೊಲೊ ಆತು. ಹೋಳಿಗಿ ಮಾಡಿದ್ದೆ. ಹುಡುಗಿ ಕಾಲೇಜಿಗಿ ಹೋಗ್ತಾಳ ಈಗ. ನನಗ ಮೊಣಕಾಲ ಭಾಳ ಹಿಡೀತದ, ಮುಂದಿನ ವರ್ಷ ಬರೂದ ಆಗ್ತದೋ ಇಲ್ಲೋ. ಬರಲಿಲ್ಲಂದ್ರ ಸಿಟ್ಟ ಮಾಡ್ಕೋಬ್ಯಾಡ."

ಇಷ್ಟು ಕೇಳಿ ನಾನು ದೂರ ಸರಿದೆ. ಅವಳು ಇನ್ನೂ ಹೇಳುತ್ತಲೇ ಇದ್ದಳು.

ಮಾರನೆಯ ದಿನ ಗ್ಯಾಲರಿ ತೆರೆಯುವ ಮೊದಲು, ಅಭ್ಯಾಸಬಲದಿಂದ, ಕಡ್ಡಿಗೆ ಹತ್ತಿ ಸುತ್ತಿಕೊಂಡು ಹೋದೆ. ಹಣೆ ಚೊಕ್ಕಟವಾಗಿತ್ತು. ಒರೆಸುವಂಥದು ಏನೂ ಇರಲಿಲ್ಲ.